ಥ್ರಿಲ್ಲರ್ ಆಲ್ಬಂ ಇವತ್ತಿಗೂ ಹಳೇದು ಅನ್ನಿಸಲ್ಲ, ಯಾಕೆ?

ಹೆಡ್‌ಫೋನ್_ಹುಚ್ಚ

ಎಲ್ಲರಿಗೂ ನಮಸ್ಕಾರ. ಮೈಕಲ್ ಜಾಕ್ಸನ್ ಅಂದರೆ ನನಗೆ ಇಷ್ಟು ದಿನ ಬರೀ ಡಾನ್ಸ್. ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಯಾರಾದರೂ ಒಬ್ಬ ಟೋಪಿ ಹಾಕಿಕೊಂಡು ಮೂನ್‌ವಾಕ್ ಮಾಡುತ್ತಿದ್ದ, ಎಲ್ಲರೂ ಶಿಳ್ಳೆ ಹೊಡೆಯುತ್ತಿದ್ದರು, ಹಾಡಿನ ಕಡೆ ಯಾರಿಗೂ ಗಮನ ಇರಲಿಲ್ಲ. ಈಚೆಗೆ ಒಂದು ಒಳ್ಳೆ ಹೆಡ್‌ಫೋನ್ ತಗೊಂಡೆ. ಯಾವ ಹಾಡು ಹಾಕಿ ನೋಡಲಿ ಅಂತ ಯೋಚಿಸುತ್ತಿದ್ದಾಗ ಅಂಗಡಿಯವರೇ 'ಬಿಲ್ಲಿ ಜೀನ್' ಹಾಕಿ ಕೊಟ್ಟರು. ಅಲ್ಲೇ ನಿಂತು ಪೂರ್ತಿ ಕೇಳಿದೆ. ಆಮೇಲೆ ಮನೆಯಲ್ಲಿ ಕೂತು 'ಥ್ರಿಲ್ಲರ್' ಆಲ್ಬಂನ ಒಂಬತ್ತೂ ಹಾಡು ಕೇಳಿದೆ. ಈಗ ದಿನಾ ಅದೇ ಓಡುತ್ತಿದೆ.

ನನ್ನ ಪ್ರಶ್ನೆ ಇಷ್ಟೇ. ಈ ಆಲ್ಬಂ ಬಂದಿದ್ದು 1982ರಲ್ಲಿ. ನಾನು ಹುಟ್ಟುವುದಕ್ಕಿಂತ ಎಷ್ಟೋ ಮೊದಲು. ಆದರೆ ನಾನು ಹೈಸ್ಕೂಲಿನಲ್ಲಿ ಕೇಳುತ್ತಿದ್ದ ಹಾಡುಗಳು ಈಗ ಹಳೇದು ಅನ್ನಿಸುತ್ತವೆ, ಇದು ಅನ್ನಿಸುವುದಿಲ್ಲ. ಡ್ರಮ್ಸ್ ಎದುರಿಗೇ ಇದ್ದ ಹಾಗೆ ಕೇಳುತ್ತದೆ. ಎಷ್ಟೋ ವಾದ್ಯ ಒಟ್ಟಿಗೆ ನುಡಿಯುತ್ತಿದ್ದರೂ ಯಾವುದೂ ಗೋಜಲಾಗುವುದಿಲ್ಲ. ಇದು ಬರೀ ಹೆಸರು ಮಾಡಿದ ಆಲ್ಬಂ ಅನ್ನುವ ಕಾರಣಕ್ಕೆ ನನಗೆ ಹಾಗೆ ಅನ್ನಿಸುತ್ತಿದೆಯಾ, ಅಥವಾ ನಿಜವಾಗಲೂ ಅದನ್ನು ಮಾಡಿದ ರೀತಿಯಲ್ಲೇ ಏನಾದರೂ ಬೇರೆ ಇದೆಯಾ? ಗೊತ್ತಿರುವವರು ವಿವರವಾಗಿ ಹೇಳಿ. ಟೆಕ್ನಿಕಲ್ ಆದರೂ ಪರವಾಗಿಲ್ಲ, ಓದುತ್ತೇನೆ.

ಮಿಕ್ಸಿಂಗ್_ಮೇಜು

ನಾನು ಸೌಂಡ್ ಎಂಜಿನಿಯರ್, ಸಣ್ಣ ಸ್ಟುಡಿಯೋದಲ್ಲಿ ಕೆಲಸ. ನಿಮ್ಮ ಕಿವಿ ಸರಿಯಾಗೇ ಹೇಳುತ್ತಿದೆ. ಅದು ಹೆಸರಿನ ಪ್ರಭಾವ ಅಲ್ಲ.

ಈ ಆಲ್ಬಂ ರೆಕಾರ್ಡ್ ಆಗಿದ್ದು ಲಾಸ್ ಏಂಜಲೀಸ್‌ನ ವೆಸ್ಟ್‌ಲೇಕ್ ಸ್ಟುಡಿಯೋದಲ್ಲಿ, 1982ರ ಏಪ್ರಿಲ್‌ನಿಂದ ನವೆಂಬರ್‌ವರೆಗೆ. ಖರ್ಚು ಸುಮಾರು 7.5 ಲಕ್ಷ ಡಾಲರ್, ಆ ಕಾಲಕ್ಕೆ ದೊಡ್ಡ ಮೊತ್ತ. ನಿರ್ಮಾಪಕ ಕ್ವಿನ್ಸಿ ಜೋನ್ಸ್ ಅಂತ ಎಲ್ಲರಿಗೂ ಗೊತ್ತು. ಆದರೆ ನೀವು ಕೇಳುತ್ತಿರುವ ಪ್ರಶ್ನೆಗೆ ಉತ್ತರ ಇರುವುದು ಎಂಜಿನಿಯರ್ ಬ್ರೂಸ್ ಸ್ವೀಡಿಯನ್ ಹತ್ತಿರ. ನನ್ನ ಮಟ್ಟಿಗೆ ಅವರೇ ಈ ಆಲ್ಬಂನ ಮೂರನೇ ಹೀರೋ.

'ಬಿಲ್ಲಿ ಜೀನ್' ಡ್ರಮ್ಸ್ ತಗೊಳ್ಳಿ. ಇಡೀ ಕಿಟ್ಟನ್ನು ಸ್ವೀಡಿಯನ್ ನೆಲದ ಮೇಲೆ ಇಡಿಸಲಿಲ್ಲ. ಅದಕ್ಕಂತಲೇ ಮರದ ಪ್ಲಾಟ್‌ಫಾರ್ಮ್ ಮಾಡಿಸಿ ಅದರ ಮೇಲೆ ಇಟ್ಟರು. ಬೇಸ್ ಡ್ರಮ್‌ಗೆ ಝಿಪ್ ಇರುವ ಒಂದು ಕವರ್ ಹೊಲಿಸಿ ತೊಡಿಸಿದರು, ಅದರೊಳಗಿನಿಂದ ಮೈಕ್ ಹೋಗುತ್ತದೆ. ಸ್ನೇರ್ (ಕೋಲಿನಿಂದ ಹೊಡೆಯುವ ಚಿಕ್ಕ ಡ್ರಮ್) ಮತ್ತು ಹೈ-ಹ್ಯಾಟ್ (ತಾಳದಂಥ ಜೋಡಿ ತಟ್ಟೆ) ನಡುವೆ ಒಂದು ಮರದ ಹಲಗೆ ನಿಲ್ಲಿಸಿದರು, ಒಂದರ ಸದ್ದು ಇನ್ನೊಂದರ ಮೈಕಿಗೆ ನುಗ್ಗಬಾರದು ಅಂತ. ಇಷ್ಟೆಲ್ಲ ಯಾಕೆ? ಹಾಡಿನ ಮೊದಲ ಎರಡು ಏಟಿಗೇ ಕೇಳುವವನಿಗೆ ಇದು ಯಾವ ಹಾಡು ಅಂತ ಗೊತ್ತಾಗಬೇಕು ಅನ್ನುವುದು ಅವರ ಹಟ. ಗೊತ್ತಾಗುತ್ತದೆ, ಅಲ್ವಾ? ಬರೀ ಡ್ರಮ್ಸ್ ಕೇಳಿ ಪ್ರಪಂಚದ ಯಾವ ಮೂಲೆಯಲ್ಲಾದರೂ ಜನ ಹಾಡಿನ ಹೆಸರು ಹೇಳುತ್ತಾರೆ. ಅಂಥ ಹಾಡುಗಳು ಎಷ್ಟಿವೆ ಹೇಳಿ.

ಇದೇ ಹಾಡಿಗೆ ಸ್ವೀಡಿಯನ್ 91 ಮಿಕ್ಸ್ ಮಾಡಿದರು, ಅಂದರೆ ಬೇರೆ ಬೇರೆಯಾಗಿ ಹಿಡಿದ ಸದ್ದುಗಳನ್ನು 91 ಸಲ ಹದ ನೋಡಿ ಬೆರೆಸಿದರು. ಕೊನೆಗೆ ಆಲ್ಬಂಗೆ ಹೋಗಿದ್ದು ಎರಡನೆಯದು. ಅದನ್ನು ಅವರೇ ಹೇಳಿಕೊಂಡಿದ್ದಾರೆ. ಈ ಕಥೆ ಕೇಳಿದವರು ಆಮೇಲಿನ 89 ವ್ಯರ್ಥ ಆಯ್ತು ಅಂತಾರೆ. ನನಗೆ ಹಾಗನ್ನಿಸುವುದಿಲ್ಲ. ಮುಂದಕ್ಕೆ ಹೋಗಿ ನೋಡಿ, ಕಿವಿಗೆ ಚೆಂದ ಕೇಳುವುದು ಹಿಂದಿನದೇ ಅಂತ ಒಪ್ಪಿಕೊಂಡು ವಾಪಸ್ ಬರುವುದಕ್ಕೆ ಬಹಳ ಧೈರ್ಯ ಬೇಕು, ಅದೂ ಅಷ್ಟು ದುಡ್ಡು ಅಷ್ಟು ಸಮಯ ಹೋದ ಮೇಲೆ.

ಇನ್ನು ಗೋಜಲಾಗದೆ ಇರುವ ವಿಷಯ. ಬಾಳೆಲೆ ಊಟದಲ್ಲಿ ಉಪ್ಪಿಗೆ ಒಂದು ಜಾಗ, ಕೋಸಂಬರಿಗೆ ಒಂದು ಜಾಗ, ಅನ್ನ ಮಧ್ಯಕ್ಕೆ ಅಂತ ಇರುತ್ತದಲ್ಲ, ಹಾಗೆ ಇವರು ಪ್ರತಿ ಸದ್ದಿಗೂ ಒಂದು ಜಾಗ ಗೊತ್ತು ಮಾಡಿದ್ದಾರೆ. ತಗ್ಗು ಸ್ವರದಲ್ಲಿ ಬೇಸ್ ಇದ್ದಾಗ ಬೇರೆ ಯಾವುದೂ ಅಲ್ಲಿಗೆ ಇಳಿಯುವುದಿಲ್ಲ. ಗಿಟಾರ್ ಬರುವ ಕಡೆ ಕೀಬೋರ್ಡ್ ಸುಮ್ಮನಿರುತ್ತದೆ. ಒಂದು ಟೇಪ್ ಯಂತ್ರದ 24 ಟ್ರ್ಯಾಕ್ (ಒಂದೊಂದು ಸದ್ದನ್ನು ಬೇರೆಯಾಗಿ ಹಿಡಿಯುವ ಸಾಲು) ಸಾಲದು ಅಂತ ಸ್ವೀಡಿಯನ್ ಎರಡು ಯಂತ್ರಗಳನ್ನು ಒಂದಕ್ಕೊಂದು ಹೊಂದಿಸಿ ಓಡಿಸುತ್ತಿದ್ದರು. ಟ್ರ್ಯಾಕ್ ಜಾಸ್ತಿ ಸಿಕ್ಕಿತು ಅಂತ ಇನ್ನಷ್ಟು ವಾದ್ಯ ತುಂಬಲಿಲ್ಲ, ಇದ್ದ ವಾದ್ಯಗಳನ್ನೇ ಸ್ಟೀರಿಯೋದಲ್ಲಿ ಅಗಲವಾಗಿ ಹಿಡಿದರು. ಈಗ ಲ್ಯಾಪ್‌ಟಾಪ್‌ನಲ್ಲಿ ನೂರಾರು ಟ್ರ್ಯಾಕ್ ಪುಕ್ಕಟೆ ಸಿಗುತ್ತದೆ, ಖಾಲಿ ಬಿಡುವ ಅಭ್ಯಾಸ ಹೋಗಿದೆ. ನನ್ನ ಹತ್ತಿರ ಬರುವ ಹಾಡುಗಳಲ್ಲಿ ನಾನು ಮಾಡುವ ಮುಖ್ಯ ಕೆಲಸವೇ ತೆಗೆಯುವುದು.

ಇನ್ನೊಂದು ವಿಷಯ. ಧ್ವನಿ ಹಿಡಿಯಲು ಅವರು ಬಳಸಿದ್ದು ಶೂರ್ ಎಸ್‌ಎಂ7 ಅನ್ನುವ ಮೈಕ್. ಈಗ ಪಾಡ್‌ಕಾಸ್ಟ್ ಮಾಡುವವರ ಮುಂದೆಲ್ಲ ಕಪ್ಪಗೆ ದಪ್ಪಗೆ ಒಂದು ಮೈಕ್ ಇರುತ್ತದಲ್ಲ, ಅದೇ ಜಾತಿಯದ್ದು. ಜಾಕ್ಸನ್ ಹಾಡುವಾಗ ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಕುಣಿಯುತ್ತಿದ್ದರು, ಚಿಟಿಕೆ ಹೊಡೆಯುತ್ತಿದ್ದರು. ಬೇರೆ ಎಂಜಿನಿಯರ್ ಆಗಿದ್ದರೆ ಆ ಸದ್ದನ್ನೆಲ್ಲ ಒರೆಸಿಬಿಡುತ್ತಿದ್ದರು. ಸ್ವೀಡಿಯನ್ ಅದು ಹಾಡಿನ ಭಾಗವೇ ಅಂತ ಉಳಿಸಿಕೊಂಡರು. ಹೆಡ್‌ಫೋನ್ ಇದೆಯಲ್ಲ, ಹಾಡಿನ ಸಾಲುಗಳ ನಡುವೆ ಕಿವಿಗೊಟ್ಟು ಕೇಳಿ. ಒಬ್ಬ ಮನುಷ್ಯ ಅಲ್ಲಿ ಅಲ್ಲಾಡುತ್ತಿರುವುದು ಗೊತ್ತಾಗುತ್ತದೆ.

ಆರ್ಕೆಸ್ಟ್ರಾ_ಡ್ರಮ್ಸ್

ಮೇಲಿನ ಅಣ್ಣ ಸೌಂಡ್ ಬಗ್ಗೆ ಹೇಳಿದರು, ನಾನು ನುಡಿಸುವವರ ಬಗ್ಗೆ ಹೇಳುತ್ತೇನೆ. ಗಣೇಶನ ಹಬ್ಬ, ಮದುವೆ ಆರತಕ್ಷತೆ ಅಂತ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ನುಡಿಸುತ್ತೇನೆ. 'ಬಿಲ್ಲಿ ಜೀನ್' ತಾಳವನ್ನು ಕಲಿಯಲು ಬಂದ ಹುಡುಗನಿಗೆ ಮೊದಲ ವಾರವೇ ಹೇಳಿಕೊಡಬಹುದು. ಕಿಕ್ (ಕಾಲಿನಲ್ಲಿ ಹೊಡೆಯುವ ಬೇಸ್ ಡ್ರಮ್), ಸ್ನೇರ್, ಕಿಕ್, ಸ್ನೇರ್, ಮೇಲೆ ಹೈ-ಹ್ಯಾಟ್ ಒಂದೇ ಸಮನೆ. ಅಷ್ಟೇ. ಆದರೆ ಅದನ್ನು ಐದು ನಿಮಿಷ ಕೈ ಹಿಡಿದುಕೊಂಡು ನುಡಿಸು ಅನ್ನಿ, ಒಳ್ಳೊಳ್ಳೆಯವರ ಕೈ ತುರಿಸುತ್ತದೆ. ಮಧ್ಯೆ ಒಂದು ರೋಲ್ ಹಾಕದೆ, ಸಿಂಬಲ್ ಬಡಿಯದೆ ಇರಲು ಆಗುವುದೇ ಇಲ್ಲ.

ರೆಕಾರ್ಡಿಂಗ್‌ನಲ್ಲಿ ನುಡಿಸಿದವರು ಎನ್‌ಡೂಗು ಚಾನ್ಸ್ಲರ್. ದೊಡ್ಡ ಜಾಝ್ ಡ್ರಮ್ಮರ್, ಜಾಝ್ ದಿಗ್ಗಜ ಮೈಲ್ಸ್ ಡೇವಿಸ್ ಜೊತೆ ನುಡಿಸಿದವರು. ಡ್ರಮ್ ಮಷಿನ್ ಮೊದಲೇ ಇತ್ತು, ಅದರ ಜೊತೆ ಅವರು ಕೈಯಾರೆ ನುಡಿಸಿದರು. ಅವರಿಗೆ ಬರದೇ ಇರುವ ವಿದ್ಯೆ ಇರಲಿಲ್ಲ. ಆದರೂ ಹಾಡಿಗೆ ಬೇಕಾಗಿದ್ದು ಇಷ್ಟೇ ಅಂತ ಅಷ್ಟೇ ಕೊಟ್ಟರು. ಯಂತ್ರದ ನಿಖರತೆಯೂ ಇದೆ, ಮನುಷ್ಯನ ಕೈಯ ತೂಕವೂ ಇದೆ. 80ರ ದಶಕದ ಎಷ್ಟೋ ಹಾಡುಗಳು ಇವತ್ತು ಹಳತಾಗಿ ಕೇಳುವುದು ಆಗ ಹೊಸದಾಗಿ ಬಂದ ಯಂತ್ರಗಳ ಸದ್ದನ್ನೇ ನಂಬಿಕೊಂಡಿದ್ದರಿಂದ ಅಂತ ನನ್ನ ಅಭಿಪ್ರಾಯ. ಯಂತ್ರ ಹಳೇದಾಯ್ತು, ಅದರ ಜೊತೆ ಹಾಡೂ ಹಳೇದಾಯ್ತು. ಇಲ್ಲಿ ಹಾಗಾಗಲಿಲ್ಲ, ಯಾಕಂದ್ರೆ ಯಂತ್ರದ ಪಕ್ಕದಲ್ಲೇ ಆ ಕಾಲದ ಅತಿ ದೊಡ್ಡ ಕೈಗಳು ಕೂತಿದ್ದವು.

ಬೇಸ್ ಗಿಟಾರ್ ಲೂಯಿಸ್ ಜಾನ್ಸನ್ ಅವರದು. ತನ್ನ ಹತ್ತಿರ ಇದ್ದ ಗಿಟಾರ್‌ಗಳನ್ನೆಲ್ಲ ತಂದು ಒಂದೊಂದಾಗಿ ಅದೇ ಬೇಸ್ ಭಾಗವನ್ನು ನುಡಿಸಿ ತೋರಿಸಿದರಂತೆ, ಜಾಕ್ಸನ್ ಎಲ್ಲ ಕೇಳಿ ಕೊನೆಗೆ ಯಮಾಹಾ ಆಯ್ಕೆ ಮಾಡಿದರು. ಹಾಡು ಶುರುವಾಗಿ ಧ್ವನಿ ಬರುವ ಹೊತ್ತಿಗೆ ಸುಮಾರು ಅರ್ಧ ನಿಮಿಷ ಆಗುತ್ತದೆ. ಅದು ಉದ್ದವಾಯ್ತು, ಕತ್ತರಿಸೋಣ ಅಂತ ಕ್ವಿನ್ಸಿ ಹೇಳಿದರು. ಜಾಕ್ಸನ್ ಒಪ್ಪಲಿಲ್ಲ. ಅದನ್ನು ಕೇಳಿದರೆ ನನಗೆ ಕುಣಿಯಬೇಕು ಅನ್ನಿಸುತ್ತದೆ ಅಂದರಂತೆ. ಕುಣಿಯಬೇಕು ಅಂತ ಜಾಕ್ಸನ್ನೇ ಹೇಳಿದ ಮೇಲೆ ಇನ್ಯಾರು ಏನು ಹೇಳಲು ಸಾಧ್ಯ ಅಂತ ಕ್ವಿನ್ಸಿ ಸುಮ್ಮನಾದರು. ಆ ಅರ್ಧ ನಿಮಿಷ ಇಲ್ಲದ 'ಬಿಲ್ಲಿ ಜೀನ್' ನನಗಂತೂ ಊಹಿಸಲೂ ಆಗುವುದಿಲ್ಲ. ವೇದಿಕೆಯಲ್ಲಿ ನಾವು ನುಡಿಸಿದಾಗಲೂ ಜನ ಎದ್ದು ಮುಂದೆ ಬರುವುದು ಆ ಭಾಗಕ್ಕೇ, ಗಾಯಕ ಇನ್ನೂ ಬಾಯಿ ತೆರೆದಿರುವುದಿಲ್ಲ.

'ಬೀಟ್ ಇಟ್' ಬಗ್ಗೆ ಎರಡು ಮಾತು. ಡ್ರಮ್ಸ್ ಜೆಫ್ ಪೋರ್ಕಾರೊ, ಗಿಟಾರ್ ಸ್ಟೀವ್ ಲುಕಾಥರ್, ಇಬ್ಬರೂ ಟೋಟೊ ಬ್ಯಾಂಡ್‌ನವರು. ನಡುವಿನ ಸೋಲೋ ಎಡ್ಡಿ ವ್ಯಾನ್ ಹೇಲನ್ ಅವರದು. ಆಗಿನ ರಾಕ್ ಗಿಟಾರ್‌ನ ದೊಡ್ಡ ಹೆಸರು, ಬಂದು ನುಡಿಸಿ ಹೋಗಿದ್ದಕ್ಕೆ ಒಂದು ಪೈಸೆ ತಗೊಳ್ಳಲಿಲ್ಲ. ಆಲ್ಬಂನ ಕವರ್ ಮೇಲೆ ವಾದ್ಯಗಾರರ ಹೆಸರು ಓದುತ್ತಾ ಹೋದರೆ 'ಬೀಟ್ ಇಟ್'ನಲ್ಲಿ ಡ್ರಮ್ ಪೆಟ್ಟಿಗೆ ಬಡಿದವರು ಮೈಕಲ್ ಜಾಕ್ಸನ್ ಅಂತ ಇದೆ. ಆಲ್ಬಂನ ಮೊದಲ ಹಾಡು 'ವಾನ್ನಾ ಬಿ ಸ್ಟಾರ್ಟಿನ್ ಸಮ್‌ಥಿನ್'ಗೆ ಬಾತ್‌ರೂಮ್‌ನಲ್ಲಿ ಹಲಗೆ ತುಳಿದವರ ಹೆಸರೂ ಇದೆ. ಬೇಕಾದ ಸದ್ದು ಸಿಗುವವರೆಗೆ ಕೈಗೆ ಸಿಕ್ಕಿದ್ದನ್ನೆಲ್ಲ ಬಡಿದು ನೋಡಿದ್ದಾರೆ. ನನಗೆ ಇದು ಬಹಳ ಇಷ್ಟ.

ಕ್ಯಾಸೆಟ್_ಕಾಲ

ನಾನು ಆಗ ಶಾಲೆಗೆ ಹೋಗುತ್ತಿದ್ದೆ. ಆ ಹೊತ್ತಿನಲ್ಲಿ ಇದು ಹೇಗೆ ಬಂತು ಅನ್ನುವುದನ್ನು ಸ್ವಲ್ಪ ಹೇಳುತ್ತೇನೆ, ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ. ಆಲ್ಬಂ ಅಮೆರಿಕದಲ್ಲಿ ಬಿಡುಗಡೆ ಆಗಿದ್ದು 1982ರ ನವೆಂಬರ್ ಕೊನೆಯಲ್ಲಿ. ಇಲ್ಲಿ ದೆಹಲಿಯಲ್ಲಿ ಏಷ್ಯನ್ ಗೇಮ್ಸ್ ನಡೆಯುತ್ತಿದ್ದ ದಿನಗಳು ಅವು, ದೂರದರ್ಶನಕ್ಕೆ ಬಣ್ಣ ಬಂದ ವರ್ಷ. ನಮ್ಮ ಕೈಗೆ ಬಂದಿದ್ದು ಬಹಳ ತಡವಾಗಿ, ಚಿಕ್ಕಪ್ಪನ ಮಗ ಯಾರದೋ ಕ್ಯಾಸೆಟ್‌ನಿಂದ ಕಾಪಿ ಮಾಡಿಸಿಕೊಂಡು ತಂದಿದ್ದ. ಇಂಗ್ಲಿಷ್ ಪದ ಅರ್ಧ ತಿಳಿಯುತ್ತಿರಲಿಲ್ಲ. ಆದರೂ ಮನೆಯಲ್ಲಿ ಅಜ್ಜಿ ಸೇರಿ ಎಲ್ಲರೂ ಕೇಳುತ್ತಿದ್ದೆವು.

ಈಗ ನೀವೆಲ್ಲ ಒಂದೊಂದು ಹಾಡು ಬಿಡಿಬಿಡಿಯಾಗಿ ಕೇಳುತ್ತೀರಿ. ಇದನ್ನು ಎಲ್‌ಪಿ (ದೊಡ್ಡ ಗ್ರಾಮಫೋನ್ ತಟ್ಟೆ) ಅಂತಲೇ ಜೋಡಿಸಿದ್ದು, ಎರಡು ಮುಖ. ಮೊದಲ ಮುಖ ಮುಗಿಯುವುದು 'ಥ್ರಿಲ್ಲರ್' ಹಾಡಿನ ಕೊನೆಯ ನಗುವಿನೊಂದಿಗೆ. ಎದ್ದು ಹೋಗಿ ತಿರುವಿ ಹಾಕಿದರೆ 'ಬೀಟ್ ಇಟ್', 'ಬಿಲ್ಲಿ ಜೀನ್', 'ಹ್ಯೂಮನ್ ನೇಚರ್' ಒಂದರ ಹಿಂದೆ ಒಂದು. ಒಂದು ರಾಕ್, ಒಂದು ಡಾನ್ಸ್, ಒಂದು ರಾತ್ರಿ ಹೊತ್ತಿನ ನಿಧಾನದ ಹಾಡು. ಈ ಮೂರು ಹೀಗೆ ಸಾಲಾಗಿ ಬಂದಿದ್ದನ್ನು ನಾನು ಬೇರೆ ಯಾವ ಆಲ್ಬಂನಲ್ಲೂ ಕೇಳಿಲ್ಲ.

'ಹ್ಯೂಮನ್ ನೇಚರ್' ಬಂದ ಕಥೆ ಗೊತ್ತಾ? ಟೋಟೊ ಬ್ಯಾಂಡ್‌ನ ಸ್ಟೀವ್ ಪೋರ್ಕಾರೊ ತನ್ನ ಪುಟ್ಟ ಮಗಳು ಶಾಲೆಯಲ್ಲಿ ಹುಡುಗನೊಬ್ಬ ತಳ್ಳಿದ ಅಂತ ಬೇಜಾರು ಮಾಡಿಕೊಂಡು ಯಾಕೆ ಯಾಕೆ ಅಂತ ಕೇಳಿದಾಗ ಅವಳನ್ನು ಸಮಾಧಾನ ಮಾಡುತ್ತಾ ಹೊಳೆದ ಹಾಡು ಅದು. ಅದು ಕ್ವಿನ್ಸಿಗೆ ಕಳಿಸಬೇಕಾದ ಹಾಡೇ ಅಲ್ಲ. ಬ್ಯಾಂಡ್‌ನ ಇನ್ನೊಬ್ಬರ ಹಾಡುಗಳಿದ್ದ ಕ್ಯಾಸೆಟ್‌ನಲ್ಲಿ ಸುಮ್ನೆ ಉಳಿದುಕೊಂಡಿತ್ತು. ಕ್ಯಾಸೆಟ್ ತಾನಾಗಿ ಓಡುತ್ತಾ ಇದು ಕ್ವಿನ್ಸಿ ಕಿವಿಗೆ ಬಿತ್ತು. ಬೇರೆ ಹಾಡುಗಳನ್ನು ಬಿಟ್ಟು ಇದೇ ಬೇಕು ಅಂದರು. ಚರಣಗಳನ್ನು ಜಾನ್ ಬೆಟಿಸ್ ಬರೆದರು. 1985ರಲ್ಲಿ ಮೈಲ್ಸ್ ಡೇವಿಸ್ ಇದನ್ನು ತುತ್ತೂರಿಯಲ್ಲಿ ನುಡಿಸಿ ತನ್ನ ಆಲ್ಬಂಗೆ ಹಾಕಿಕೊಂಡರು. ಧ್ವನಿ ತೆಗೆದರೂ ಡಾನ್ಸ್ ತೆಗೆದರೂ ನಿಲ್ಲುವ ಹಾಡು ಅಂತ ಅಲ್ಲೇ ಗೊತ್ತಾಗುತ್ತದೆ.

'ಥ್ರಿಲ್ಲರ್' ಹಾಡು ಬರೆದ ರಾಡ್ ಟೆಂಪರ್ಟನ್ ಇಂಗ್ಲೆಂಡಿನವರು. ಕೊನೆಯಲ್ಲಿ ಬರುವ ಆ ಗಡಸು ಮಾತು ಹಳೇ ಭಯದ ಚಿತ್ರಗಳ ನಟ ವಿನ್ಸೆಂಟ್ ಪ್ರೈಸ್ ಅವರದು. ಅವರು ಸ್ಟುಡಿಯೋಗೆ ಬರುವ ದಿನವೇ ಟೆಂಪರ್ಟನ್ ಟ್ಯಾಕ್ಸಿಯಲ್ಲಿ ಕೂತು ಆ ಸಾಲುಗಳನ್ನು ಬರೆದರು. ಪ್ರೈಸ್ ಎರಡೇ ಸಲಕ್ಕೆ ಹೇಳಿ ಮುಗಿಸಿದರು. ತೋಳ ಊಳಿಡುವ ಸದ್ದಿಗೆ ಸ್ವೀಡಿಯನ್ ತನ್ನ ದೊಡ್ಡ ನಾಯಿಯನ್ನು ನಂಬಿಕೊಂಡಿದ್ದರು. ಅದು ಬಾಯಿ ಬಿಡಲಿಲ್ಲ, ಜಾಕ್ಸನ್ನೇ ಊಳಿಟ್ಟರು.

1983ರ ಡಿಸೆಂಬರ್‌ನಲ್ಲಿ ಬಂದ ಅದರ ವಿಡಿಯೋ ಹೆಚ್ಚುಕಡಿಮೆ 14 ನಿಮಿಷ. ಅದರಿಂದ ಡಾನ್ಸ್ ಕಲಿತವರು ನಮ್ಮ ಕಡೆಯೂ ಎಷ್ಟೋ ಜನ. ಮೈಸೂರಿನಲ್ಲಿ ಹುಟ್ಟಿದ ಪ್ರಭುದೇವ ಅವರನ್ನು ಇಡೀ ದೇಶ ಭಾರತದ ಮೈಕಲ್ ಜಾಕ್ಸನ್ ಅಂತ ಕರೆದಿದ್ದು ಸುಮ್ಮನೆ ಅಲ್ಲ.

ಆಫ್_ದಿ_ವಾಲ್_ಅಭಿಮಾನಿ

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಇದೇ ತಂಡ 1979ರಲ್ಲಿ ಮಾಡಿದ 'ಆಫ್ ದಿ ವಾಲ್' ನನಗೆ ಇದಕ್ಕಿಂತ ಮೇಲು. ಅದರಲ್ಲಿ ಒಂದು ಸಂತೋಷ ಇದೆ, ಇದರಲ್ಲಿ ಲೆಕ್ಕಾಚಾರ ಜಾಸ್ತಿ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಜೊತೆ ಹಾಡಿದ 'ದಿ ಗರ್ಲ್ ಈಸ್ ಮೈನ್' ತಗೊಳ್ಳಿ. ಮೊದಲು ಬಿಟ್ಟ ಹಾಡೇ ಅದು, ಇಡೀ ಆಲ್ಬಂನಲ್ಲಿ ಸಪ್ಪೆ ಹಾಡೂ ಅದೇ. ಬಿಳಿಯರ ರೇಡಿಯೋ ಸ್ಟೇಷನ್‌ಗಳಿಗೆ ಮೆಕಾರ್ಟ್ನಿ, ರಾಕ್ ಕೇಳುವವರಿಗೆ ವ್ಯಾನ್ ಹೇಲನ್, ಹೀಗೆ ಎಲ್ಲ ಬಾಗಿಲಿಗೂ ಒಂದೊಂದು ಕೀಲಿ ಮಾಡಿಕೊಂಡು ಹೊರಟಿದ್ದಾರೆ.

ಇನ್ನೊಂದು ವಿಷಯ ಹೇಳಲೇಬೇಕು. ಆಲ್ಬಂನ ಮೊದಲ ಹಾಡು 'ವಾನ್ನಾ ಬಿ ಸ್ಟಾರ್ಟಿನ್ ಸಮ್‌ಥಿನ್' ಕೊನೆಯಲ್ಲಿ ಎಲ್ಲರೂ ಗುನುಗುವ ಆ ಪಲ್ಲವಿ ಇದೆಯಲ್ಲ, ಅದು ಕ್ಯಾಮರೂನ್ ದೇಶದ ಮನು ದಿಬಾಂಗೊ ಅವರ 1972ರ 'ಸೋಲ್ ಮಕೋಸಾ' ಹಾಡಿನಿಂದ ಬಂದಿದ್ದು. ಅವರ ಹೆಸರು ಹಾಕಿರಲಿಲ್ಲ. ಅವರು ಕೇಸ್ ಹಾಕಿದ ಮೇಲೆ ಹಣ ಕೊಟ್ಟು ಇತ್ಯರ್ಥ ಮಾಡಿಕೊಂಡರು. ಆಲ್ಬಂ ಎಷ್ಟೇ ದೊಡ್ಡದಿರಲಿ, ಇದನ್ನು ಬಿಟ್ಟು ಅದರ ಕಥೆ ಹೇಳಬಾರದು. ಅಮೆರಿಕದ ಆಲ್ಬಂ ಪಟ್ಟಿಯಲ್ಲಿ 37 ವಾರ ಒಂದನೇ ಸ್ಥಾನ, ಒಂದೇ ರಾತ್ರಿ 8 ಗ್ರ್ಯಾಮಿ ಪ್ರಶಸ್ತಿ, ಇವೆಲ್ಲ ಮಾರಾಟದ ಮಾತು. ಚೆನ್ನಾಗಿದೆ ಅನ್ನುವುದಕ್ಕೆ ಅವು ಸಾಕ್ಷಿ ಅಲ್ಲ.

ಮಿಕ್ಸಿಂಗ್_ಮೇಜು

ದಿಬಾಂಗೊ ವಿಷಯ ನೂರಕ್ಕೆ ನೂರು ನಿಜ, ಹೇಳಿದ್ದು ಒಳ್ಳೆಯದಾಯ್ತು. ಮೆಕಾರ್ಟ್ನಿ ಹಾಡಿನ ಬಗ್ಗೆಯೂ ತಕರಾರಿಲ್ಲ.

ಆದರೆ ಲೆಕ್ಕಾಚಾರ ಅನ್ನುವುದಕ್ಕೆ ಉತ್ತರ ಕೊಡುತ್ತೇನೆ. 'ಆಫ್ ದಿ ವಾಲ್'ಗೆ ಗ್ರ್ಯಾಮಿ ಸಿಕ್ಕಿದ್ದು ಒಂದೇ ಒಂದು, ಅದೂ ಕಪ್ಪು ಜನರ ಸಂಗೀತ ಅಂತ ಗುರುತಿಸುತ್ತಿದ್ದ ಆರ್ ಅಂಡ್ ಬಿ ವಿಭಾಗದಲ್ಲಿ. ಜಾಕ್ಸನ್‌ಗೆ ಅದು ಬಹಳ ನೋವು ಕೊಟ್ಟಿತ್ತು. ಅಮೆರಿಕದಲ್ಲಿ ಆಗ ಕಪ್ಪು ಜನರ ಹಾಡು ಒಂದು ಕಡೆ, ರಾಕ್ ಇನ್ನೊಂದು ಕಡೆ ಅಂತ ರೇಡಿಯೋ ಸ್ಟೇಷನ್‌ಗಳೇ ಬೇರೆ ಬೇರೆ. ಹಾಡಿನ ವಿಡಿಯೋ ತೋರಿಸುವ ಎಂಟಿವಿ ಚಾನೆಲ್‌ನಲ್ಲಿ ಕಪ್ಪು ಕಲಾವಿದರು ಕಾಣುವುದೇ ಅಪರೂಪ ಇತ್ತು, 1983ರಲ್ಲಿ 'ಬಿಲ್ಲಿ ಜೀನ್' ಆ ಬಾಗಿಲು ತೆಗೆಸಿತು. ಬಾಗಿಲುಗಳನ್ನೆಲ್ಲ ಹೊರಗಿನಿಂದ ಹಾಕಿದ್ದಾಗ ಕೀಲಿ ಮಾಡಿಕೊಳ್ಳುವುದನ್ನು ನಾನು ವ್ಯಾಪಾರದ ಲೆಕ್ಕಾಚಾರ ಅನ್ನಲಾರೆ. 24 ವರ್ಷದ ಹುಡುಗನ ಛಲ ಅದು.

ಮತ್ತೆ, ಬರೀ ದುಡ್ಡು ನೋಡಿಕೊಂಡಿದ್ದರೆ ನವೆಂಬರ್‌ನಲ್ಲಿ ಅವರು ಮಾಡಿದ ಕೆಲಸ ಮಾಡುತ್ತಿರಲಿಲ್ಲ. ಕಂಪನಿಯವರು ಕ್ರಿಸ್‌ಮಸ್ ಮಾರಾಟಕ್ಕೆ ಆಲ್ಬಂ ಬೇಕು ಅಂತ ಕಾದು ಕೂತಿದ್ದಾರೆ. ಎಲ್ಲ ಮುಗಿಯಿತು ಅಂತ ಹಾಡುಗಳನ್ನು ಡಿಸ್ಕ್ ಮೇಲೆ ಗೆರೆಯಾಗಿ ಕೊರೆಸಿ, ಹಾಕಿ ಕೇಳಿದರು. ಕೇಳಲಾಗದಷ್ಟು ಕೆಟ್ಟದಾಗಿತ್ತು. ಕಾರಣ ಸರಳ. ಎಲ್‌ಪಿಯ ಒಂದು ಮುಖದಲ್ಲಿ ನಿಮಿಷ ಜಾಸ್ತಿ ತುರುಕಿದರೆ ಗೆರೆಗಳು ಕಿರಿದಾಗಬೇಕಾಗುತ್ತದೆ. ಗೆರೆ ಕಿರಿದಾದರೆ ಬೇಸ್ ಸೊರಗುತ್ತದೆ, ಒಟ್ಟು ಸದ್ದೂ ಕುಗ್ಗುತ್ತದೆ. ಜಾಕ್ಸನ್ ಕಣ್ಣೀರು ಹಾಕಿದರು. ಇದನ್ನು ಬಿಡುಗಡೆ ಮಾಡುವುದಿಲ್ಲ ಅಂತ ಗಟ್ಟಿಯಾಗಿ ನಿಂತರು. ಕೆಲವು ದಿನ ಎಲ್ಲರೂ ಕಿವಿಗೆ ರಜೆ ಕೊಟ್ಟು ವಾಪಸ್ ಬಂದು ಒಂದೊಂದೇ ಹಾಡನ್ನು ಹೊಸದಾಗಿ ಮಿಕ್ಸ್ ಮಾಡಿದರು. 'ದಿ ಲೇಡಿ ಇನ್ ಮೈ ಲೈಫ್'ನ ಒಂದು ಚರಣವನ್ನೇ ತೆಗೆದರು. ಉಳಿದದ್ದು 42 ನಿಮಿಷ. ನೀವು ಇವತ್ತು ಹೆಡ್‌ಫೋನ್‌ನಲ್ಲಿ ಕೇಳುತ್ತಿರುವ ಆ ಬೇಸ್, ಆ ಖಾಲಿ ಜಾಗ, ಅದರ ಒಂದು ಪಾಲು ಆ ಕೊನೆಯ ದಿನಗಳ ಕತ್ತರಿಯಿಂದ ಬಂದಿದ್ದು. ಸ್ವೀಡಿಯನ್‌ಗೆ ಈ ಆಲ್ಬಂನಿಂದಲೇ ಎಂಜಿನಿಯರಿಂಗ್ ಗ್ರ್ಯಾಮಿ ಸಿಕ್ಕಿತು. ಆ ಒಂದು ಪ್ರಶಸ್ತಿಯನ್ನಾದರೂ ಮಾರಾಟದ ಲೆಕ್ಕಕ್ಕೆ ಸೇರಿಸಬೇಡಿ.

ಹೆಡ್‌ಫೋನ್_ಹುಚ್ಚ

ಇಷ್ಟೆಲ್ಲ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಚಿಟಿಕೆ ಸದ್ದು ಕೇಳಿಸಿತು ಸರ್, ಎಡಗಡೆ ಬಲಗಡೆ ಅಂತ ಗಮನಿಸಿದರೆ ಇನ್ನೂ ಎಷ್ಟೋ ಕೇಳಿಸುತ್ತಿದೆ. ಹೆಸರಾದ ಹಾಡುಗಳನ್ನು ಬಿಟ್ಟು ಇದರಲ್ಲಿ ಇನ್ನು ಯಾವುದನ್ನು ನಿಧಾನವಾಗಿ ಕೇಳಬೇಕು? 'ಆಫ್ ದಿ ವಾಲ್' ಎಲ್ಲಿಂದ ಶುರು ಮಾಡಲಿ?

ಆಫ್_ದಿ_ವಾಲ್_ಅಭಿಮಾನಿ

'ಬೇಬಿ ಬಿ ಮೈನ್' ಕೇಳಿ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಸಿಂಗಲ್ (ಬಿಡಿ ಹಾಡು) ಆಗಿ ಬರಲೂ ಇಲ್ಲ. ಗ್ರೆಗ್ ಫಿಲಿಂಗೇನ್ಸ್ ಕೀಬೋರ್ಡ್ ಗಮನಿಸಿ. 'ಪಿ.ವೈ.ಟಿ.'ಯಲ್ಲಿ ಹಿಂದಿನಿಂದ ಹಾಡುವ ಹುಡುಗಿಯರಲ್ಲಿ ತಂಗಿ ಜಾನೆಟ್ ಮತ್ತು ಅಕ್ಕ ಲಾ ಟೋಯಾ ಇಬ್ಬರೂ ಇದ್ದಾರೆ.

'ಆಫ್ ದಿ ವಾಲ್' ಮೊದಲ ಹಾಡಿನಿಂದಲೇ ಶುರು ಮಾಡಿ, ಮಧ್ಯದಿಂದ ಬೇಡ. ಅಲ್ಲೂ ಕ್ವಿನ್ಸಿ, ಸ್ವೀಡಿಯನ್, ಟೆಂಪರ್ಟನ್, ಲೂಯಿಸ್ ಜಾನ್ಸನ್, ಅದೇ ಜನ. ಎರಡನೇ ಹಾಡು 'ರಾಕ್ ವಿತ್ ಯೂ' ಬಂದಾಗ ಡ್ರಮ್ಸ್ ಹೇಗೆ ಶುರುವಾಗುತ್ತದೆ ಕೇಳಿ, ಆಮೇಲೆ ಇಲ್ಲಿ ಬಂದು ಹೇಳಿ, ಯಾವುದು ಮೇಲು ಅಂತ.